ಪಠ್ಯ ಬದಲಾದರೂ ಪಾಠ ಬದಲಾಗದು: ಹಳ್ಳಿ ಶಾಲೆಯ ಇತಿಹಾಸಕ್ಕೆ ಊರಿನ ನೆನಪು ಒದಗೀತೇ?

2025ರ ಏಪ್ರಿಲ್‌ನಲ್ಲಿ ಬಂದ, ಕೇಂದ್ರದ ಪಠ್ಯ ರೂಪಿಸುವ ಎನ್‌ಸಿಇಆರ್‌ಟಿಯ 7ನೇ ತರಗತಿಯ ಹೊಸ ಪುಸ್ತಕದಲ್ಲಿ ದೆಹಲಿ ಸುಲ್ತಾನರೂ ಮೊಘಲರೂ ಇರಲಿಲ್ಲ. ಜುಲೈಯಲ್ಲಿ 8ನೇ ತರಗತಿಯ ಪುಸ್ತಕ ಬಂತು. ಅದರಲ್ಲಿ ಮೊಘಲರಿದ್ದರು, ಚಿತ್ರಣ ಮಾತ್ರ ಬೇರೆಯಾಗಿತ್ತು. ಆಗಸ್ಟ್‌ನಲ್ಲಿ ಸುಖದೇವ್ ಥೋರಟ್ ಅಧ್ಯಕ್ಷತೆಯ ಕರ್ನಾಟಕ ರಾಜ್ಯ ಶಿಕ್ಷಣ ನೀತಿ ಆಯೋಗ ತನ್ನ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿತು. ಮೂರೂ ಸುದ್ದಿಗಳು ಟಿವಿ ಚರ್ಚೆಗಳಲ್ಲಿ ಒಂದರೊಳಗೊಂದು ಕಲಸಿಹೋದವು. ನಮ್ಮ ಊರಿನ ಸರ್ಕಾರಿ ಶಾಲೆಯ ಮಕ್ಕಳು ಈಗ ಯಾವ ಇತಿಹಾಸ ಓದುತ್ತಿದ್ದಾರೆ ಎಂದು ಕೇಳಿದರೆ ಉತ್ತರಿಸಲು ಪೋಷಕರೇಕೆ, ಶಾಲೆಯ ಮೇಲುಸ್ತುವಾರಿ ನೋಡುವ ಎಸ್‌ಡಿಎಂಸಿ ಸದಸ್ಯರೂ ತಡವರಿಸುತ್ತಾರೆ.

ಈ ಗದ್ದಲದ ನಡುವೆ ಇನ್ನೊಂದು ಮಾತೂ ಆಗಾಗ ಕೇಳಿಬರುತ್ತದೆ: ಪಠ್ಯಪುಸ್ತಕವೊಂದನ್ನೇ ನೆಚ್ಚಬೇಡಿ, ಊರಿನ ಹಿರಿಯರ ಬದುಕಿನ ಕಥನಗಳನ್ನೂ ಬೇರೆ ಬೇರೆ ಸಮುದಾಯಗಳವರು ಬರೆದ ಪುಸ್ತಕಗಳನ್ನೂ ತರಗತಿಗೆ ತನ್ನಿ. ಕೇಳಲು ಹಿತವಾದ ಸಲಹೆ. ಅದನ್ನು ಹಳ್ಳಿ ಶಾಲೆಯಲ್ಲಿ ಜಾರಿಗೆ ತರಲು ಏನೇನು ಬೇಕು, ಎಲ್ಲಿ ಕೆಡುತ್ತದೆ ಎಂಬ ವಿವರ ಮಾತ್ರ ಚರ್ಚೆಗೆ ಬರುವುದಿಲ್ಲ.

ಮೊದಲು, ಯಾವ ಪುಸ್ತಕ ಯಾರಿಗೆ

ಕರ್ನಾಟಕದ ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಸಮಾಜ ವಿಜ್ಞಾನದ ಪುಸ್ತಕ ರಾಜ್ಯದ್ದೇ. ಅದನ್ನು ಪ್ರಕಟಿಸುವುದು ಕರ್ನಾಟಕ ಪಠ್ಯಪುಸ್ತಕ ಸಂಘ. ದೆಹಲಿಯಲ್ಲಿ ಒಂದು ಅಧ್ಯಾಯ ಕೈಬಿಟ್ಟರೆ ಸಿಬಿಎಸ್‌ಇ ಶಾಲೆಗಳಿಗೆ ಅದರ ಬಿಸಿ ತಟ್ಟುತ್ತದೆ. ಹಾವೇರಿಯ ಸರ್ಕಾರಿ ಪ್ರೌಢಶಾಲೆಯ ಪುಸ್ತಕದಲ್ಲಿ ಒಂದು ಸಾಲೂ ಕದಲುವುದಿಲ್ಲ. ಪಕ್ಕದ ಪಟ್ಟಣದ ಸಿಬಿಎಸ್‌ಇ ಶಾಲೆಯ ಹುಡುಗನೂ ಹಳ್ಳಿಯ ಸರ್ಕಾರಿ ಶಾಲೆಯ ಹುಡುಗಿಯೂ ಒಂದೇ ತರಗತಿಯಲ್ಲಿದ್ದು ಎರಡು ಬಗೆಯ ಇತಿಹಾಸ ಓದುತ್ತಿರಬಹುದು. ಗೊಂದಲದ ಅರ್ಧ ಪಾಲು ಇಲ್ಲೇ ಹುಟ್ಟುತ್ತದೆ.

ಹಾಗೆಂದು ರಾಜ್ಯದ ಪುಸ್ತಕ ಅಲುಗಾಡದೆ ನಿಂತಿದೆ ಎಂದೇನೂ ಇಲ್ಲ. ರೋಹಿತ್ ಚಕ್ರತೀರ್ಥ ಸಮಿತಿಯ ಪರಿಷ್ಕರಣೆ 2022ರ ಮೇ–ಜೂನ್‌ನಲ್ಲಿ ದೊಡ್ಡ ವಿವಾದವಾಯಿತು. ಆರ್‌ಎಸ್‌ಎಸ್ ಸ್ಥಾಪಕ ಹೆಡಗೇವಾರ್ ಭಾಷಣ 10ನೇ ತರಗತಿಯ ಕನ್ನಡ ಪುಸ್ತಕ ಸೇರಿದ್ದಕ್ಕೆ, ಬಸವಣ್ಣನವರ ಬಗೆಗಿನ ವಿವರಣೆ ಬದಲಾದದ್ದಕ್ಕೆ ತೀವ್ರ ಆಕ್ಷೇಪ ಬಂತು. ಕೆಲವು ಲೇಖಕರು ತಮ್ಮ ಬರಹ ಬಳಸಲು ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂಪಡೆದರು. ಜೂನ್‌ನಲ್ಲಿ ಸಮಿತಿ ವಿಸರ್ಜನೆಯಾಯಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ, ಪುಸ್ತಕಗಳು ಅದಾಗಲೇ ಮಕ್ಕಳ ಕೈ ಸೇರಿದ್ದರಿಂದ, ಯಾವ ಪಾಠ ಬಿಡಬೇಕು, ಯಾವುದು ಸೇರಿಸಿಕೊಳ್ಳಬೇಕು ಎಂಬ ಪೂರಕ ಹೊತ್ತಿಗೆ ಬಂತು. 2024ರಲ್ಲಿ ಮತ್ತೊಂದು ಸಮಿತಿಯ ಪರಿಷ್ಕರಣೆ.

ಇಷ್ಟೆಲ್ಲ ಆದರೂ ತರಗತಿಯಲ್ಲಿ ಪಾಠ ನಡೆಯುವ ರೀತಿ ಬದಲಾಗಲಿಲ್ಲ. ಮೊದಲೂ ಪುಸ್ತಕ ಓದಿ, ಮುಖ್ಯಾಂಶ ಕಪ್ಪು ಹಲಗೆಗೆ ಬರೆದು, ಅಭ್ಯಾಸದ ಪ್ರಶ್ನೆಗೆ ಉತ್ತರ ಬರೆಸುತ್ತಿದ್ದರು, ಈಗಲೂ ಅದೇ. ಜಗಳವೆಲ್ಲ ಪುಸ್ತಕದೊಳಗೆ ಯಾರ ಹೆಸರಿರಬೇಕು ಎಂಬುದರ ಸುತ್ತ ನಡೆಯಿತು. ಒಂದು ಮಾತು ನಿಜವೋ ಸುಳ್ಳೋ ಎಂದು ಮಗು ಹೇಗೆ ಪರೀಕ್ಷಿಸಬೇಕು ಎನ್ನುವ ಪ್ರಶ್ನೆಗೆ ಎರಡೂ ಕಡೆಯವರಿಗೆ ಪುರುಸೊತ್ತು ಸಿಗಲಿಲ್ಲ. ಅಚ್ಚಾದದ್ದೆಲ್ಲ ಸತ್ಯ ಎಂದು ಒಮ್ಮೆ ಕಲಿತ ಮಗುವಿಗೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ಇತಿಹಾಸವೂ ಸತ್ಯವಾಗಿಯೇ ಕಾಣುತ್ತದೆ.

ನಾಲ್ಕು ದಿಕ್ಕಿನ ವಾದ

ಶಾಲೆಯ ಕಲಿಕೆಯನ್ನು ಹೊರಗಿನ ಬದುಕಿಗೆ ಜೋಡಿಸಿ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿತ್ತು. ರಾಜ್ಯದ 8ನೇ ತರಗತಿಯ ಇತಿಹಾಸ ಶುರುವಾಗುವುದೂ ‘ಆಧಾರಗಳು’ ಎಂಬ ಪಾಠದಿಂದ. ಅಂದರೆ ತಾತ್ವಿಕವಾಗಿ ಬಾಗಿಲು ತೆರೆದೇ ಇದೆ. ಭಿನ್ನಾಭಿಪ್ರಾಯ ಇರುವುದು ಒಳಗೆ ಯಾರನ್ನು ಬಿಡಬೇಕು ಎಂಬಲ್ಲಿ.

ಗೇಣಿದಾರರು, ಜೀತದಾಳುಗಳು, ಕುರಿ ಕಾಯುವವರು, ಮುಳುಗಡೆಯಾಗಿ ಊರು ಬಿಟ್ಟವರು ಪಠ್ಯದಲ್ಲಿ ಬಂದರೂ ಅಂಕಿಅಂಶವಾಗಿ ಬರುತ್ತಾರೆ, ಮನುಷ್ಯರಾಗಿ ಬರುವುದಿಲ್ಲ. ಅವರ ಬಾಯಿಂದಲೇ ಕೇಳಿದರೆ ಮಗುವಿಗೆ ಇತಿಹಾಸ ತನ್ನದೂ ಅನ್ನಿಸುತ್ತದೆ ಎನ್ನುವುದು ಪರವಾಗಿರುವವರ ವಾದ. ಹಳ್ಳಿಯ ಮಗುವಿಗೆ ಬೇಕಿರುವುದು ಪಟ್ಟಣದ ಮಗುವಿಗೆ ಸಿಗುವ ಪಾಠವೇ, ಎಸ್ಎಸ್ಎಲ್‌ಸಿ ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಇರುವಾಗ ಇವರನ್ನು ಮಾತ್ರ ಅಜ್ಜಿಯ ನೆನಪು ಬರೆದುಕೊಂಡು ಬಾ ಎಂದು ಕಳಿಸಿದರೆ ಹಿಂದೆ ಬೀಳುತ್ತಾರೆ ಎಂಬುದು ವಿರೋಧಿಸುವವರ ಅಳುಕು. ಇದನ್ನು ತಳ್ಳಿಹಾಕುವಂತಿಲ್ಲ. ಈ ಪ್ರಯೋಗ ಪಠ್ಯದ ಜಾಗವನ್ನು ಕಿತ್ತುಕೊಂಡರೆ ನಷ್ಟ ಖಂಡಿತ.

ಇತಿಹಾಸ ಬಲ್ಲವರ ಆತಂಕ ಬೇರೆ. ಸ್ಥಳೀಯ ಇತಿಹಾಸ ಎಂದ ಕೂಡಲೇ ನಮ್ಮೂರ ಹೆಮ್ಮೆ, ಸ್ಥಳಪುರಾಣ, ಪಾಳೇಗಾರರ ವಂಶದ ವೈಭವ ಮುಂದೆ ಬರುತ್ತವೆ. ಊರಿನಲ್ಲಿ ಮಾತಾಡುವ ಬಲ ಯಾರಿಗಿದೆಯೋ ಅವರ ನೆನಪೇ ಊರಿನ ನೆನಪಾಗುತ್ತದೆ. ಮಕ್ಕಳನ್ನು ಹಿರಿಯರ ಬಳಿ ಕಳಿಸಿ ಎಂದರೆ ಅವರು ಹೋಗುವುದು ದೊಡ್ಡ ಮನೆಯ ಪಡಸಾಲೆಗೇ ಹೊರತು ಕೇರಿಗಲ್ಲ.

ಇನ್ನು ಶಿಕ್ಷಕರದು ಸಮಯದ ಪ್ರಶ್ನೆ. 2025ರ ಸೆಪ್ಟೆಂಬರ್–ಅಕ್ಟೋಬರ್‌ನ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಬಳಸಿಕೊಂಡು, ಅದು ಮುಗಿಯದ ಕಾರಣ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ದು ಎಲ್ಲರಿಗೂ ಗೊತ್ತು. ಕಳೆದ ಅವಧಿಗಳನ್ನು ಸರಿದೂಗಿಸಲು ಪರದಾಡುವವರಿಗೆ ಇದು ಮತ್ತೊಂದು ಸುತ್ತೋಲೆಯಾಗಿ ಕಂಡರೆ ತಪ್ಪೇನು?

ಯಾರ ನೆನಪು, ಯಾವ ಕಾಲದ್ದು

ಇಂಥ ಚಟುವಟಿಕೆಗಳಲ್ಲಿ ಮೊದಲ ತಪ್ಪು ವಿಷಯದ ಆಯ್ಕೆಯಲ್ಲೇ ಆಗುತ್ತದೆ. ಸ್ವಾತಂತ್ರ್ಯ ಹೋರಾಟದ ಬಗ್ಗೆ ಹಿರಿಯರನ್ನು ಕೇಳಿಕೊಂಡು ಬನ್ನಿ ಎಂದು ಹೇಳಿಬಿಡುತ್ತಾರೆ. ಲೆಕ್ಕ ಹಾಕಿ: 1947ರಲ್ಲಿ 10 ವರ್ಷದವರಾಗಿದ್ದವರಿಗೆ 2025ಕ್ಕೆ 88. 1942ರ ಈಸೂರಿನ ದಂಗೆಯನ್ನು, 1938ರ ವಿದುರಾಶ್ವತ್ಥದ ಗೋಲಿಬಾರನ್ನು ಕಣ್ಣಾರೆ ಕಂಡವರು ಇಂದು ಸಿಗುವುದು ತೀರಾ ಅಪರೂಪ. ಮಕ್ಕಳು ಬರೆದುಕೊಂಡು ಬರುವುದು ಕೇಳಿದವರಿಂದ ಕೇಳಿದ್ದು, ಜೊತೆಗೆ ಸಿನಿಮಾದಲ್ಲಿ ನೋಡಿದ್ದು.

ಕಲ್ಯಾಣ ಕರ್ನಾಟಕದಲ್ಲಿ ಈ ತಪ್ಪಿನ ಬೆಲೆ ಹೆಚ್ಚು. 1948ರಲ್ಲಿ ನಿಜಾಮನ ಪರ ನಿಂತ ರಜಾಕಾರರ ಹಾವಳಿಯ ನೆನಪು ಹಲವು ಮನೆಗಳಲ್ಲಿದೆ. ಅದೇ ಸೆಪ್ಟೆಂಬರ್‌ನ ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ನಂತರ ಮುಸ್ಲಿಂ ಕುಟುಂಬಗಳ ಮೇಲೆ ನಡೆದ ಹಿಂಸೆಯ ನೆನಪು ಇನ್ನು ಕೆಲವು ಮನೆಗಳಲ್ಲಿದೆ. ಕೇಂದ್ರ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿ ಅದನ್ನು ದಾಖಲಿಸಿದೆ. ಎರಡೂ ನಡೆದಿವೆ. ಒಂದು ಮನೆಯ ಕಥೆಯನ್ನಷ್ಟೇ, ಅದೂ ಎರಡನೇ ತಲೆಮಾರಿನ ಬಾಯಿಂದ ಕೇಳಿ ಬಂದ ಮಕ್ಕಳ ತರಗತಿ ಹೊಸ ದ್ವೇಷಕ್ಕೆ ದಾರಿಯಾದೀತು. ಎರಡೂ ಕಡೆಯ ದಾಖಲೆ ಕೈಯಲ್ಲಿರದ ಶಿಕ್ಷಕರು ಈ ವಿಷಯ ಮುಟ್ಟದಿರುವುದೇ ಮೇಲು.

ಈಗ ನೇರ ಸಾಕ್ಷಿಗಳು ಧಾರಾಳವಾಗಿ ಸಿಗುವುದು 1970 ಮತ್ತು 80ರ ದಶಕಗಳಿಗೆ. 1972ರ ಆಸುಪಾಸಿನ ಬರಗಾಲ, 1974ರ ಭೂಸುಧಾರಣೆ, 1975–77ರ ತುರ್ತು ಪರಿಸ್ಥಿತಿ, 1976ರ ಜೀತ ನಿರ್ಮೂಲನ ಕಾಯ್ದೆ, ಊರಿಗೆ ಕರೆಂಟು ಬಂದದ್ದು, ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ನಜೀರ್‌ಸಾಬರ ಕಾಲದ ಬೋರ್‌ವೆಲ್. 1987ರ ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಶೇ 25 ಸ್ಥಾನ ಮಹಿಳೆಯರಿಗೆ ಮೀಸಲಿತ್ತು. ಆಗ 30ರ ಹರೆಯದಲ್ಲಿ ಗೆದ್ದವರಿಗೆ ಈಗ 70ರ ಹತ್ತಿರ. ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆ ಬರುವ ಮೊದಲೇ ಅಧಿಕಾರದ ಕುರ್ಚಿಯಲ್ಲಿ ಕೂತಿದ್ದ ಆ ಹೆಂಗಸರನ್ನು ಪಂಚಾಯತ್ ರಾಜ್ ಪಾಠ ಮಾಡುವಾಗ ಯಾರೂ ಶಾಲೆಗೆ ಕರೆಯುವುದಿಲ್ಲ ಎನ್ನುವುದು ವಿಚಿತ್ರ.

ಹತ್ತಿರದಿಂದ ಒಂದು ಉದಾಹರಣೆ: ಟ್ರಂಕಿನಲ್ಲಿರುವ ನಮೂನೆ 10

ಭೂಸುಧಾರಣೆಯ ಬಗ್ಗೆ ಪಠ್ಯದಲ್ಲಿ ಸಿಗುವುದು ಕೆಲವೇ ಸಾಲು: ದೇವರಾಜ ಅರಸು, ಉಳುವವನೇ ಹೊಲದೊಡೆಯ. ಮಲೆನಾಡು ಅಥವಾ ಕರಾವಳಿಯ ಹಳ್ಳಿಯಲ್ಲಿ ಇದರ ಹಿಂದಿನ ಕಾಗದಪತ್ರ ಇನ್ನೂ ಮನೆಮನೆಯಲ್ಲಿದೆ. 1974ರ ಮಾರ್ಚ್ 1ರಂದು ತಿದ್ದುಪಡಿ ಕಾಯ್ದೆ ಜಾರಿಗೆ ಬಂತು, ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಗೇಣಿದಾರ ತನಗೆ ಅಧಿಭೋಗದ ಹಕ್ಕು, ಅಂದರೆ ಉಳುವ ಭೂಮಿಯ ಒಡೆತನ, ಕೊಡಿ ಎಂದು ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಹಾಕಬೇಕಿತ್ತು; ಅದಕ್ಕೆ 1979ರ ಜೂನ್ 30 ಕೊನೆಯ ದಿನವಾಗಿತ್ತು. ಮಂಡಳಿ ಆದೇಶ ಮಾಡಿದ ಮೇಲೆ ಸಿಗುವ ಪ್ರಮಾಣಪತ್ರ ನಮೂನೆ 10.

ಮಗು ಗೇಣಿದಾರರ ಮನೆಯಲ್ಲಿ ಕೇಳಿದರೆ ಧಣಿಗೆ ಹೆದರಿ ಅರ್ಜಿ ಹಾಕಲು ತಡ ಮಾಡಿದ್ದು, ಸಾಕ್ಷಿ ಹೇಳಲು ಯಾರೂ ಬಾರದಿದ್ದದ್ದು, ಕೊನೆಗೆ ಭೂಮಿ ಕೈಸೇರಿದ್ದು ತಿಳಿಯುತ್ತದೆ. ಭೂಮಾಲೀಕರ ಮನೆಯಲ್ಲಿ ಕೇಳಿದರೆ ಬೇರೆಯದೇ ಕಥೆ: ಇದ್ದ ಎರಡು ಎಕರೆಯನ್ನು ಗೇಣಿಗೆ ಕೊಟ್ಟು ಅದರಿಂದಲೇ ಬದುಕುತ್ತಿದ್ದ ವಿಧವೆಯೊಬ್ಬರು ಎಲ್ಲವನ್ನೂ ಕಳೆದುಕೊಂಡದ್ದು. ಅರ್ಜಿಯನ್ನೇ ಹಾಕದ ಕೂಲಿಯವರ ಮನೆಯಲ್ಲಿ ಮೂರನೆಯ ಉತ್ತರ: ನಮಗೆ ಗೇಣಿಯೂ ಇರಲಿಲ್ಲ, ಆಮೇಲೆ ಭೂಮಿಯೂ ಬರಲಿಲ್ಲ. ಈ ಮೂರೂ ಪಕ್ಕಪಕ್ಕ ಬಂದಾಗ ಒಂದೇ ಕಾನೂನು ಯಾರನ್ನು ಹೇಗೆ ತಟ್ಟಿತು ಎಂಬುದು 13 ವರ್ಷದ ಮಗುವಿಗೂ ಹೊಳೆಯುತ್ತದೆ. ಒಂದು ನೆನಪು, ಅದಕ್ಕೆ ಎದುರಾದ ಇನ್ನೊಂದು ನೆನಪು, ಒಂದು ದಾಖಲೆ. ಇವು ಮೂರೂ ಕೂಡಿದಾಗಷ್ಟೇ ಅದು ಇತಿಹಾಸದ ಪಾಠ. ನೆನಪೊಂದೇ ಇದ್ದರೆ ಅದು ಬರೀ ಕಥೆ ಹೇಳುವ ಅವಧಿ.

ಒಣಭೂಮಿಯ ಜಿಲ್ಲೆಗಳಲ್ಲಿ ನಮೂನೆ 7ರ ಕಥೆ ಅಷ್ಟಾಗಿ ಸಿಗಲಿಕ್ಕಿಲ್ಲ. ಬಾಗಲಕೋಟೆಯ ಕಡೆ ಆಲಮಟ್ಟಿ ಮುಳುಗಡೆ, ಸಾಗರದ ಕಡೆ ಲಿಂಗನಮಕ್ಕಿ, ಕೋಲಾರದ ಕಡೆ ಬತ್ತಿದ ಕೆರೆ, ಆಳಕ್ಕಿಳಿದ ಬೋರ್‌ವೆಲ್. ವಿಷಯವನ್ನು ರಾಜಧಾನಿಯಲ್ಲಿ ಕೂತು ನಿಗದಿ ಮಾಡಿದರೆ ಕೆಡುವುದು ಇದಕ್ಕೇ.

ಆರು ಅವಧಿಯಲ್ಲಿ ಆಗುವ ಕೆಲಸ

40 ನಿಮಿಷದ ಆರು ಅವಧಿ, ನಡುವೆ ಒಂದು ವಾರಾಂತ್ಯ. ಇದಕ್ಕಿಂತ ಹೆಚ್ಚು ಕೇಳಿದರೆ ಶಿಕ್ಷಕರು ಕೊಡಲಾರರು.

ಮೊದಲ ಅವಧಿ ‘ಆಧಾರಗಳು’ ಪಾಠದ್ದು. ಅದಕ್ಕೆ ಒಳ್ಳೆಯ ಉಪಕರಣ ಮುಖ್ಯ ಶಿಕ್ಷಕರ ಬೀರುವಿನಲ್ಲೇ ಇದೆ: ಶಾಲೆಯ ಹಳೆಯ ದಾಖಲಾತಿ ವಹಿ. ಹೆಸರು ಮತ್ತು ಜಾತಿಯ ಕಾಲಂಗಳನ್ನು ಕಾಗದದಿಂದ ಮುಚ್ಚಿ ತೋರಿಸಬೇಕು. ಯಾವ ವರ್ಷದಿಂದ ಹುಡುಗಿಯರು ಸೇರತೊಡಗಿದರು, ಎಷ್ಟು ಮಂದಿ ನಡುವೆಯೇ ಬಿಟ್ಟರು ಎಂದು ಮಕ್ಕಳಿಂದ ಎಣಿಸಬಹುದು. ಜನ್ಮದಿನಾಂಕದ ಕಾಲಂ ನೋಡಿದರೆ ಊರಿನಲ್ಲಿ ಬಹಳ ಜನ ಜೂನ್ 1ರಂದೇ ಹುಟ್ಟಿದಂತೆ ಕಾಣುತ್ತದೆ. ಹುಟ್ಟಿದ ದಿನ ಮನೆಯವರಿಗೆ ಗೊತ್ತಿರಲಿಲ್ಲ, ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಹೋಗಲೆಂದು ಮೇಷ್ಟ್ರು ಬರೆದುಕೊಂಡರು. ಮೊಹರು ಬಿದ್ದ ದಾಖಲೆಯೂ ತಪ್ಪಿರಬಹುದು ಎಂಬುದನ್ನು ಇದಕ್ಕಿಂತ ಸಲೀಸಾಗಿ ಕಲಿಸುವ ಉಪಾಯ ಇಲ್ಲ.

ಎರಡನೆಯದು ಪ್ರಶ್ನೆ ತಯಾರಿಗೆ. ಆಗಿನ ಕಾಲ ಚೆನ್ನಾಗಿತ್ತಾ ಎಂದು ಕೇಳಿದರೆ ಹೂಂ ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. ಗೇಣಿಯನ್ನು ಯಾವ ಅಳತೆಯಲ್ಲಿ ಕೊಡುತ್ತಿದ್ದಿರಿ, ಖಂಡುಗವೋ ಮುಡಿಯೋ, ಅಳೆಯುವಾಗ ಯಾರ ಕೊಳಗ ಇರುತ್ತಿತ್ತು, ಬೆಳೆ ಹೋದ ವರ್ಷ ಏನು ಮಾಡಿದಿರಿ ಎಂದು ಕೇಳಿದರೆ ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇಸವಿ ಕೇಳಬಾರದು, ಹಳ್ಳಿಯ ಹಿರಿಯರ ಕಾಲಗಣನೆ ಇಸವಿಯಲ್ಲಿಲ್ಲ. ಬದಲಿಗೆ ಗುರುತಿನ ಘಟನೆಗಳ ಪಟ್ಟಿ ಜೊತೆಗಿರಲಿ: 1972ರ ಬರ, 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕವಾದದ್ದು, 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಗೆದ್ದದ್ದು, 1984ರಲ್ಲಿ ಅವರ ಹತ್ಯೆ, ಜೊತೆಗೆ ಊರಿಗೆ ಬಸ್ಸು ಬಂದ ವರ್ಷ. ಅದಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದರೆ ಎರಡು ಮೂರು ವರ್ಷದ ಅಂತರಕ್ಕೆ ಕಾಲ ನಿಲುಕುತ್ತದೆ.

ವಾರಾಂತ್ಯದಲ್ಲಿ ಮೂವರ ತಂಡ, ಅರ್ಧ ಗಂಟೆಯ ಮಾತುಕತೆ. ಒಬ್ಬರು ಕೇಳುವುದು, ಒಬ್ಬರು ಫೋನ್ ನೋಡಿಕೊಳ್ಳುವುದು, ಒಬ್ಬರು ಬರೆದುಕೊಳ್ಳುವುದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕದಿದ್ದರೆ ನಡುವೆ ಕರೆ ಬಂದು ರೆಕಾರ್ಡಿಂಗ್ ನಿಂತುಹೋಗುತ್ತದೆ. 64 ಕೆಬಿಪಿಎಸ್‌ನಲ್ಲಿ ಅರ್ಧ ಗಂಟೆಗೆ ಸುಮಾರು 14 ಎಂಬಿ ಸಾಕು. ಮಾತು ಶುರುವಾಗುವ ಮೊದಲು ಒಪ್ಪಿಗೆ ಕೇಳಿ ಅದನ್ನೂ ರೆಕಾರ್ಡ್ ಮಾಡಿಕೊಳ್ಳಬೇಕು. ಪ್ರತಿ ವಿಷಯಕ್ಕೂ ಕನಿಷ್ಠ ಎರಡು ಬೇರೆ ಕೇರಿಗಳ ಮನೆಗಳಿರಬೇಕು; ಯಾವ ತಂಡ ಯಾವ ಮನೆಗೆ ಎಂಬುದನ್ನು ಮಕ್ಕಳ ಆಯ್ಕೆಗೆ ಬಿಟ್ಟರೆ ಪಡಸಾಲೆಯ ಸಮಸ್ಯೆ ಮರಳಿ ಬರುತ್ತದೆ.

ಮೂರನೇ ಅವಧಿಯಲ್ಲಿ ಐದು ನಿಮಿಷದ ಮಾತನ್ನಷ್ಟೇ ಬರಹಕ್ಕಿಳಿಸುವುದು. ಪೂರ್ತಿ ಬರೆಸಲು ಹೋದರೆ ಮಕ್ಕಳು ಅಲ್ಲೇ ಸೋತು ಕೂರುತ್ತಾರೆ. ಆಡಿದ ನುಡಿಯಲ್ಲೇ ಬರೆಯಲಿ, ಪುಸ್ತಕದ ಕನ್ನಡಕ್ಕೆ ತಿದ್ದಬಾರದು. ನಾಲ್ಕನೆಯದು ಆತ್ಮಕಥನದಂಥ ಪುಸ್ತಕದ ಆಯ್ದ ಭಾಗ ಓದಲು. ಐದನೆಯದು ತಾಳೆ ನೋಡಲು: ಅವರು ಹೇಳಿದ್ದು, ಇನ್ನೊಬ್ಬರು ಅಥವಾ ದಾಖಲೆ ಹೇಳುವುದು, ಎಲ್ಲಿ ಹೊಂದುವುದಿಲ್ಲ ಎಂಬ ಮೂರು ಕಾಲಂ. ಮೂರನೆಯ ಕಾಲಂ ಖಾಲಿ ಇದ್ದರೆ ಕೆಲಸ ಸರಿಯಾಗಿ ಆಗಿಲ್ಲ ಎಂದೇ ಅರ್ಥ. ಆರನೇ ಅವಧಿಯಲ್ಲಿ ಅರ್ಧ ಪುಟದ ಬರಹ.

ಎರಡು ಎಚ್ಚರಿಕೆಗಳನ್ನು ಯಾವ ಕಾರಣಕ್ಕೂ ಬಿಡುವಂತಿಲ್ಲ. ಸರ್ವೆ ನಂಬರ್, ಗಡಿ, ಯಾವ ಅಣ್ಣತಮ್ಮನಿಗೆ ಎಷ್ಟು ಪಾಲು ಎಂದು ಕೇಳಕೂಡದು. ಶಾಲೆಯ ರೆಕಾರ್ಡಿಂಗ್ ನಾಳೆ ಪಾಲಿನ ದಾವೆಗೆ ಸಾಕ್ಷಿಯಾದರೆ ಶಿಕ್ಷಕರು ಊರಿನಲ್ಲಿ ಉಳಿಯುವುದು ಕಷ್ಟ. ಎರಡನೆಯದು ಇದಕ್ಕಿಂತ ಸೂಕ್ಷ್ಮ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದ, ಬಾವಿಯ ಹತ್ತಿರ ಬಿಡದಿದ್ದ ನೆನಪನ್ನು ದಲಿತ ಮಗುವಿನ ಮನೆಯಿಂದಲೇ ತರಿಸಿ, ಆ ಮಗುವೇ ತರಗತಿಯ ಮುಂದೆ ನಿಂತು ಓದುವಂತೆ ಮಾಡಿದರೆ ಅವಮಾನ ಎರಡನೇ ಬಾರಿ ಆಗುತ್ತದೆ. ಅಂಥ ವಿಷಯಕ್ಕೆ ಅಚ್ಚಾದ ಆತ್ಮಕಥನವೇ ಸರಿ. ಅಲ್ಲಿ ಲೇಖಕರು ತಾವಾಗಿ ಹೇಳಲು ಆಯ್ದುಕೊಂಡಿರುತ್ತಾರೆ, ತರಗತಿಯಲ್ಲಿ ಯಾರೂ ಬೆತ್ತಲಾಗುವುದಿಲ್ಲ. ವೈವಿಧ್ಯದ ಪುಸ್ತಕಗಳು ಏಕೆ ಬೇಕು ಎಂಬುದಕ್ಕೆ ಗಟ್ಟಿ ಕಾರಣ ಇದು.

ಪುಸ್ತಕ ಎಲ್ಲಿ ಸಿಕ್ಕಿಕೊಂಡಿದೆ

ದುಡ್ಡಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಡಿ ಶಾಲೆಯ ಹಂತಕ್ಕೆ ತಕ್ಕಂತೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ತೊಡಕು ಬೇರೆ ಕಡೆ. ಹಣ ಎಷ್ಟೋ ಬಾರಿ ಆರ್ಥಿಕ ವರ್ಷದ ಕೊನೆಗೆ ಬರುತ್ತದೆ, ಮಾರ್ಚ್ ಒಳಗೆ ಖರ್ಚು ಮಾಡುವ ಅವಸರದಲ್ಲಿ ಸಿಕ್ಕಿದ್ದನ್ನು ಕೊಳ್ಳುತ್ತಾರೆ. ಬಂದ ಪುಸ್ತಕ ದಾಸ್ತಾನು ವಹಿಗೆ ಏರುತ್ತದೆ. ಕಳೆದರೆ ಯಾರು ಉತ್ತರ ಕೊಡಬೇಕು ಎಂಬ ಭಯಕ್ಕೆ ಬೀರುವಿಗೆ ಬೀಗ ಬೀಳುತ್ತದೆ. ಮಕ್ಕಳು ಓದಿ ಹರಿದ ಪುಸ್ತಕವನ್ನು ನಷ್ಟವೆಂದು ಬರೆಯದೆ ಬಳಕೆ ಎಂದು ಬರೆಯಲು ಒಂದು ಸ್ಪಷ್ಟ ಆದೇಶ ಸಾಕು.

ಆಯ್ಕೆಯಲ್ಲೂ ಜಾಣ್ಮೆ ಬೇಕು. 30 ಶೀರ್ಷಿಕೆಗಳ ಒಂದೊಂದು ಪ್ರತಿಗಿಂತ ಆರು ಶೀರ್ಷಿಕೆಗಳ ಐದೈದು ಪ್ರತಿ ಲೇಸು, ಗುಂಪಾಗಿ ಓದಬಹುದು. 8ನೇ ತರಗತಿಯಲ್ಲಿದ್ದೂ 2ನೇ ತರಗತಿಯ ಪಠ್ಯ ಓದಲು ಕಷ್ಟಪಡುವ ಮಕ್ಕಳಿದ್ದಾರೆಂದು ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಗಳು ಮತ್ತೆ ಮತ್ತೆ ತೋರಿಸಿವೆ. ದೊಡ್ಡವರಿಗೆಂದು ಬರೆದ 200 ಪುಟದ ಆತ್ಮಕಥನವನ್ನು ಆ ಕೈಗೆ ಕೊಟ್ಟರೆ ಫಲವಿಲ್ಲ. 300ರಿಂದ 400 ಪದಗಳ ಒಂದು ಪ್ರಸಂಗವನ್ನು ಶಿಕ್ಷಕರು ಗಟ್ಟಿಯಾಗಿ ಓದಿ, ಆಮೇಲೆ ಮಕ್ಕಳು ಓದಬೇಕು.

ಶಾಲೆಗೆ ಆಗದ್ದನ್ನು ಪಂಚಾಯಿತಿ ಗ್ರಂಥಾಲಯ ತುಂಬಬಹುದು. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು, ಈಗ ಅರಿವು ಕೇಂದ್ರಗಳೆಂದು ಹೆಸರು. ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಮಕ್ಕಳನ್ನು ಅಲ್ಲಿಗೆ ಎಳೆತಂದಿತು. ಆದರೆ ಶಾಲೆ ಒಂದು ಇಲಾಖೆಯದು, ಗ್ರಂಥಾಲಯ ಇನ್ನೊಂದರದು. ಸಮಾಜ ವಿಜ್ಞಾನದ ಶಿಕ್ಷಕರಿಗೆ ಬೇಕಾದ ಶೀರ್ಷಿಕೆಗಳ ಪಟ್ಟಿಯನ್ನು ಗ್ರಂಥಾಲಯದ ಮೇಲ್ವಿಚಾರಕರು ಕೇಳಬೇಕೆಂಬ ಕಟ್ಟುಪಾಡು ಎಲ್ಲಿಯೂ ಇಲ್ಲ.

ಮುಂದೆ ಏನಾದೀತು

ಥೋರಟ್ ಆಯೋಗ ಎನ್‌ಸಿಇಆರ್‌ಟಿ ಪುಸ್ತಕಗಳ ಅವಲಂಬನೆ ಬಿಟ್ಟು ರಾಜ್ಯವೇ ಪಠ್ಯಕ್ರಮ ರೂಪಿಸಿಕೊಳ್ಳಲಿ ಎಂದಿದೆ. ಅದು ಜಾರಿಯಾದರೆ ಇನ್ನೊಂದು ಸುತ್ತಿನ ಪರಿಷ್ಕರಣೆ, ಅದರ ಹಿಂದೆಯೇ ಇನ್ನೊಂದು ಸುತ್ತಿನ ವಿವಾದ ಖಚಿತ. ಆ ಹೊತ್ತಿಗೆ ಸ್ಥಳೀಯ ಇತಿಹಾಸವೂ ಇರಲಿ ಎಂಬ ಸಾಲು ಯಾವುದಾದರೂ ಸುತ್ತೋಲೆಯಲ್ಲಿ ಸೇರಬಹುದು. ಅದರ ಗತಿ ಏನಾಗುತ್ತದೆ ಎಂಬುದನ್ನು ಅಂಕಗಳ ಲೆಕ್ಕ ತೀರ್ಮಾನಿಸುತ್ತದೆ.

ಅಂಕವೇ ಇಲ್ಲದಿದ್ದರೆ ಒಂದು ದಿನದ ಕಾರ್ಯಕ್ರಮ, ಹಿರಿಯರೊಬ್ಬರಿಗೆ ಶಾಲು ಹೊದಿಸಿದ ಫೋಟೊ, ಅದನ್ನು ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವುದು. ಅಲ್ಲಿಗೆ ಮುಗಿಯಿತು. ಅಂಕ ಹೆಚ್ಚಾಗಿ ಇಟ್ಟರೆ ಅಂಗಡಿಯಲ್ಲಿ ಸಿಗುವ ಚಿತ್ರಪಟ ಅಂಟಿಸಿದ, ಗೂಗಲ್‌ನಿಂದ ಇಳಿಸಿದ ಪ್ರಾಜೆಕ್ಟ್‌ಗಳು ರಾಶಿ ಬೀಳುತ್ತವೆ. ಎಸ್ಎಸ್ಎಲ್‌ಸಿ ಸಮಾಜ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಈ 20ರೊಳಗೆ 5 ಅಂಕವನ್ನು ಇದಕ್ಕೆ ಇಟ್ಟು, ಹಾಳೆಯ ಅಂದಕ್ಕೆ ಸೊನ್ನೆ, ಎರಡು ಭಿನ್ನ ಹೇಳಿಕೆ ತಂದದ್ದಕ್ಕೆ 2, ದಾಖಲೆಯೊಂದಿಗೆ ತಾಳೆ ನೋಡಿದ್ದಕ್ಕೆ 2, ಕಾಲ ಗುರುತಿಸಿದ್ದಕ್ಕೆ 1 ಎಂದು ಬಿಡಿಸಿ ಹೇಳಿದರೆ ನಕಲು ಮಾಡುವುದೇ ಕಷ್ಟವಾಗುತ್ತದೆ, ಏಕೆಂದರೆ ಆ ಊರಿನ ವ್ಯತ್ಯಾಸಗಳು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೂ ಇದನ್ನು ಮೊದಲು 8 ಮತ್ತು 9ನೇ ತರಗತಿಯಲ್ಲಿ ನಡೆಸಿ ನೋಡುವುದು ಕ್ಷೇಮ. 10ನೇ ತರಗತಿಯಲ್ಲಿ ಫಲಿತಾಂಶದ ಒತ್ತಡಕ್ಕೆ ಯಾವ ಪ್ರಯೋಗವೂ ಬಾಳದು.

ಹಾಸ್ಟೆಲ್‌ನಲ್ಲಿರುವ, ವಲಸೆ ಬಂದ ಮನೆಗಳ ಮಕ್ಕಳಿಗೆ ಅಜ್ಜ–ಅಜ್ಜಿ ಹತ್ತಿರವಿರುವುದಿಲ್ಲ. ಅವರಿಗೆ ಬಿಸಿಯೂಟದ ಅಡುಗೆಯವರು, ಅಂಚೆಯವರು, ನಿವೃತ್ತ ಲೈನ್‌ಮನ್ ಇವರನ್ನು ಮೊದಲೇ ಗೊತ್ತು ಮಾಡಿಡಬೇಕು, ಇಲ್ಲದಿದ್ದರೆ ಅತಿ ಬಡ ಮಕ್ಕಳೇ ಅಂಕ ಕಳೆದುಕೊಳ್ಳುತ್ತಾರೆ. ರೆಕಾರ್ಡಿಂಗ್‌ಗಳು ಎಲ್ಲಿರಬೇಕು ಎಂಬುದೂ ಈಗಲೇ ತೀರ್ಮಾನವಾಗಬೇಕಾದ ಮಾತು. ಶಿಕ್ಷಕರ ಸ್ವಂತ ಫೋನಿನಲ್ಲಿದ್ದರೆ ವರ್ಗಾವಣೆಯೊಂದಿಗೆ ಅವೂ ಹೋಗುತ್ತವೆ. ಊರು, ವಿಷಯ, ತಿಂಗಳು, ವರ್ಷ ಎಂದು ಕಡತಕ್ಕೆ ಹೆಸರಿಟ್ಟು, ಒಪ್ಪಿಗೆ ಕೊಟ್ಟವರದ್ದನ್ನು ಮಾತ್ರ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಒಂದು ಪ್ರತಿ, ಶಾಲೆಯ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡಬೇಕು. ಮಾತಾಡಿದವರು ಮುಂದೆಂದಾದರೂ ಬೇಡವೆಂದರೆ ಎರಡೂ ಕಡೆ ಅಳಿಸಬೇಕು.